ಉಡಿಯೊಡ್ಡಿ ಹತ್ತಿದ ರೈಲು

ಶ್ರೀದೇವಿ ಆ ರೈಲನ್ನು ಮೊದಲು ಕಂಡದ್ದು ಅಂಗಡಿಯ ಗೋಡೆಯ ಮೇಲೆ. ರಾಣೆಬೆನ್ನೂರಿನಲ್ಲಿ ಹೆಜ್ಜೆಗೊಂದು ಬೀಜದ ಅಂಗಡಿ. ಅದರಲ್ಲೊಂದು ಅವಳ ಗಂಡ ಸಿದ್ದಲಿಂಗೇಶನದು. ವರ್ಷವರ್ಷವೂ ಕಂಪನಿಯವರು ಬಂದು ಗೋಡೆಗೆ ಬದನೆಕಾಯಿ, ಟೊಮ್ಯಾಟೊ, ಹತ್ತಿಕಾಯಿಗಳ ಚಿತ್ರ ಅಂಟಿಸಿ ಹೋಗುತ್ತಿದ್ದರು. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಅವುಗಳ ನಡುವೆ ಒಂದು ರೈಲು ಬಂದು ಕೂತಿತು.

ರೈಲೆಂದರೆ ಎಂಥ ರೈಲು ಅಂತೀರಿ! ಕಿಟಕಿಗೆ ಮಖಮಲ್ಲಿನ ಪರದೆ, ಒಳಗೆ ಮಂಚ, ಮಂಚದ ಪಕ್ಕ ದೀಪ, ಊಟದ ಮೇಜಿನ ಹತ್ತಿರ ಪೇಟ ಸುತ್ತಿ ನಿಂತ ಮಾಣಿ. ಕಂಪನಿಯ ಹೊಸ ಮೆಣಸಿನಕಾಯಿ ಬೀಜವನ್ನು ಜಿಲ್ಲೆಯಲ್ಲಿ ಯಾರು ಎಲ್ಲರಿಗಿಂತ ಹೆಚ್ಚು ಮಾರುತ್ತಾರೋ ಅವರು ಹೆಂಡತಿಯ ಜೊತೆ ಆ ರೈಲಿನಲ್ಲಿ ಬೆಂಗಳೂರಿನಿಂದ ಹಂಪಿ, ಗೋವಾ ಸುತ್ತಿ ಬರಬಹುದು. ಒಂದು ವಾರ ರೈಲಿನಲ್ಲೇ ಊಟ, ರೈಲಿನಲ್ಲೇ ನಿದ್ದೆ. ಪೇಟೆಯ ಜನ ಅದಕ್ಕೆ ಅರಮನಿ ರೈಲು ಅಂತ ಹೆಸರಿಟ್ಟರು.

ಮದುವೆಯಾಗಿ ಬಂದಾಗಿನಿಂದ ಶ್ರೀದೇವಿ ನೋಡಿದ ದೇಶ ಯಾವುದು? ಟೆಂಪೋದಲ್ಲಿ ಒತ್ತಿಕೊಂಡು ಕೂತು ಹೋದ ಮದುವೆಗಳು, ಒಂದೆರಡು ಸಲ ದೇವರು. ಹೊಸದರಲ್ಲಿ ಸಿದ್ದಲಿಂಗೇಶ ಊಟಿಗೆ ಕರೆದೊಯ್ಯುತ್ತೇನೆ ಅಂದಿದ್ದ. ಮುಂಗಾರಿನಲ್ಲಿ ಬೀಜದ ಗದ್ದಲ, ಹಿಂಗಾರಿನಲ್ಲಿ ಮತ್ತೆ ಬೀಜದ ಗದ್ದಲ. ಊಟಿ ಇದ್ದಲ್ಲೇ ಇತ್ತು, ಇವಳೂ ಅಂಗಡಿಯ ಗಲ್ಲೆಯ ಮೇಲೆ ಕೂತಲ್ಲೇ ಕೂತಿದ್ದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಈಗ ಅವಳ ಕಣ್ಣು ಆ ಮಂಚದ ಮೇಲೆ, ಆ ಪರದೆಯ ಮೇಲೆ. ಆಸೆ ಪಡುವುದು ತಪ್ಪೇ? ನಾನಂತೂ ತಪ್ಪು ಅನ್ನಲಾರೆ. ಆಸೆಗೆ ಬಿದ್ದು ಮಾಡಿದ್ದಿದೆಯಲ್ಲ, ಅದು ಬೇರೆ ಮಾತು.

ಜೂನ್ ಬಂದಾಗ ಹಾವೇರಿಯ ಡೀಲರೊಬ್ಬ ಮುಂದಿದ್ದ. ಸಿದ್ದಲಿಂಗೇಶ ಕೈಚೆಲ್ಲಿದ.

‘ಇನ್ನ ಆಗಂಗಿಲ್ಲ ಬಿಡು. ಬ್ಯಾಡಗಿ ಕಡೆ ನಮ್ಮ ಬೀಜ ಯಾರೂ ಮುಟ್ಟವಲ್ರು. ಅಲ್ಲೆ ಎಲ್ಲಾರೂ ಮನಿ ಬೀಜದವರು.’

‘ನಮ್ಮವ್ವನ ಊರಾಗ ನಾ ಮಾತಾಡ್ತೇನಿ,’ ಅಂದಳು ಶ್ರೀದೇವಿ.

ಅವಳ ತವರು ಬ್ಯಾಡಗಿಯ ಮಗ್ಗುಲಲ್ಲೇ. ತಾಯಿ ಸೋಮವ್ವ, ತಮ್ಮ ಸುನೀಲಕುಮಾರ, ಎರೆಮಣ್ಣಿನ ಹೊಲ. ಸೋಮವ್ವನ ಮೆಣಸಿನಕಾಯಿ ಎಂದರೆ ಬ್ಯಾಡಗಿ ಪೇಟೆಯಲ್ಲಿ ಖರೀದಿದಾರರು ಚೀಲ ಬಿಚ್ಚುವ ಮೊದಲೇ ಗುರುತು ಹಿಡಿಯುತ್ತಿದ್ದರು. ಮುದುಕಿಯ ಕೆನ್ನೆಯಂತೆ ಸುಕ್ಕು, ಕಪ್ಪಿಗೆ ತಿರುಗಿದ ಕೆಂಪು, ಬಾಯಿಗೆ ಹಿತವಾದ ಖಾರ. ಅದು ಸೋಮವ್ವನಿಗೆ ಅವಳ ತಾಯಿಯಿಂದ, ಆ ತಾಯಿಗೆ ತನ್ನ ತಾಯಿಯಿಂದ ಬಂದ ಬೀಜ. ಪ್ರತಿ ವರ್ಷ ಎರಡನೆಯ ಸಲ ಕಾಯಿ ಬಿಡಿಸುವಾಗ ಒಂದೊಂದೇ ಕಾಯಿ ಆರಿಸಿ, ಬೀಜ ಬಿಡಿಸಿ, ಬೂದಿಯಲ್ಲಿ ಕಲಸಿ ಗಡಿಗೆಗೆ ತುಂಬಿಡುತ್ತಿದ್ದಳು. ಊರಿನವರೆಲ್ಲ ಅವಳ ಬಾಗಿಲಿಗೇ ಬಂದು ಹಿಡಿ ಹಿಡಿ ಬೀಜ ಒಯ್ಯುವರು.

ಶ್ರೀದೇವಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಯಿ ನೋಯುವಷ್ಟು ಹೇಳಿದಳು. ಸೋಮವ್ವ ಎಲ್ಲ ಕೇಳಿಸಿಕೊಂಡು ರೊಟ್ಟಿ ಬಡಿಯುತ್ತಲೇ ಇದ್ದಳು.

‘ನಮ್ಮ ಬೀಜ ನಮಗ ಸಾಕವಾ. ನಿಮ್ಮ ಪಾಕೀಟ ನಿಮ್ಮ ಅಂಗಡ್ಯಾಗ ಇರ್ಲಿ. ಅಳಿಯಾಗ ಬ್ಯಾರೆ ಏನರ ಬೇಕಾದ್ರ ಹೇಳು, ಇಲ್ಲ ಅನ್ನಂಗಿಲ್ಲ.’

ಹೊರಡುವ ಹೊತ್ತಾಯಿತು. ಸೋಮವ್ವ ಪದ್ಧತಿಯಂತೆ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಕಣ ಇಟ್ಟುಕೊಂಡು ಮಗಳ ಉಡಿ ತುಂಬಲು ಬಂದಳು. ಶ್ರೀದೇವಿ ಸೆರಗು ಒಡ್ಡಿದಳು, ಒಡ್ಡಿಕೊಂಡೇ ಅಂದಳು:

‘ಅಕ್ಕಿ ಬ್ಯಾಡ ಅವ್ವಾ. ಈ ವರ್ಷ ನಿಮ್ಮ ಅಂಗಡಿ ಬೀಜಾನ ಹಾಕ್ತೇನಿ ಅಂತ ಒಂದ ಮಾತ ಹಾಕು. ಅಷ್ಟ ಸಾಕು.’

ಉಡಿಯೊಡ್ಡಿ ನಿಂತ ಮಗಳನ್ನು ಬರಿ ಉಡಿಯಲ್ಲಿ ಕಳಿಸಿದ ತಾಯಿ ಆ ಸೀಮೆಯಲ್ಲಿ ಇಲ್ಲ. ಬರಿ ಉಡಿಯಲ್ಲಿ ಹೋದ ಮಗಳ ಬಾಳೂ ಬರಿದಾಗುತ್ತದೆಂಬ ಅಂಜಿಕೆ. ಅದು ಶ್ರೀದೇವಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಒಡ್ಡಿದಳು. ಇದನ್ನು ಹಟ ಅನ್ನಿ, ಮುದ್ದು ಅನ್ನಿ, ನಾನು ಮಾತ್ರ ಮೋಸ ಅನ್ನುತ್ತೇನೆ.

ಸೋಮವ್ವ ಮೊರದ ಅಕ್ಕಿಯಲ್ಲಿ ಕೈಯಾಡಿಸಿದಳು. ‘ಆತು,’ ಅಂದಳು. ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು. ಆಮೇಲೆ ಒಳಗೆ ಹೋಗಿ ಗಡಿಗೆ ತಂದು, ಬೂದಿ ಜಾಡಿಸಿ, ಬೀಜವನ್ನೆಲ್ಲ ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಅದೇ ಉಡಿಗೆ ಇಟ್ಟಳು.

‘ಒಂದ ಹೊಲದಾಗ ಎರಡ ಥರಾ ಬ್ಯಾಡ, ಕಲಬೆರಕಿ ಆಕ್ಕೇತಿ. ಮನ್ಯಾಗ ಇದ್ರ ನಿನ್ನ ತಮ್ಮ ಹಾಕೇ ಬಿಡ್ತಾನ. ನಿನ್ನ ಹತ್ರ ಇರ್ಲಿ, ಮುಂದಿನ ವರ್ಷಕ್ಕ ತಂದುಕೊಡು. ಜ್ವಾಕಿ.’

ಸೋಮವ್ವನೇ ಹೊಸ ಬೀಜ ಹಾಕುತ್ತಾಳೆಂದ ಮೇಲೆ ಊರಿನವರದ್ದೇನು? ಅವಳ ಬಾಗಿಲಿಗೆ ಬೀಜಕ್ಕೆ ಬಂದವರೆಲ್ಲ ಸಿದ್ದಲಿಂಗೇಶನ ಪಾಕೀಟು ಹಿಡಿದು ಹೋದರು. ಹಾವೇರಿಯ ಡೀಲರ್ ಹಿಂದೆ ಬಿದ್ದ. ರೈಲು ಇವರದಾಯಿತು.

ಗಂಟನ್ನು ಶ್ರೀದೇವಿ ಅಂಗಡಿಯ ಅಟ್ಟದ ಮೇಲೆ ಇಟ್ಟಳು. ಬೀಜ ಇಡಲು ಬೀಜದ ಅಂಗಡಿಗಿಂತ ಒಳ್ಳೆಯ ಜಾಗ ಯಾವುದಿದ್ದೀತು ಎಂದುಕೊಂಡಳು. ಬರಿ ಬಟ್ಟೆಯಲ್ಲಿ ಇಲಿ ಹತ್ತೀತೆಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದಳು. ಮಳೆ ಹಿಡಿಯಿತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಿರಾಕಿ. ಅಟ್ಟದ ತಗಡು ಒಂದು ಮೂಲೆಯಲ್ಲಿ ಸೋರುತ್ತಿತ್ತು. ಗಂಟಿನ ನೆನಪು ಯಾರಿಗೆ?

ನೆನಪಾದದ್ದು ದೀಪಾವಳಿಗೆ ಅಂಗಡಿ ಸ್ವಚ್ಛ ಮಾಡುವಾಗ. ಚೀಲ ಬಿಚ್ಚಿದರೆ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಧೋತರದ ತುಂಡು ಕರ್ರಗಾಗಿತ್ತು, ಬೀಜಕ್ಕೆ ಬೂಸು ಹಿಡಿದಿತ್ತು. ಇದ್ದುದರಲ್ಲೇ ಚೆನ್ನಾಗಿ ಕಂಡವನ್ನು ಆರಿಸಿ, ಹಸಿ ಬಟ್ಟೆಯಲ್ಲಿ ಸುತ್ತಿ, ದೇವರ ಮನೆಯ ಮೂಲೆಯಲ್ಲಿಟ್ಟು ದಿನಾ ನೀರು ಚಿಮುಕಿಸಿದಳು. ಬೆಳಿಗ್ಗೆ ಎದ್ದ ಕೂಡಲೇ ಬಿಚ್ಚಿ ನೋಡುವಳು. ಮೊಳಕೆ ಬರಲಿಲ್ಲ. ಕಡೆಗೆ ಎಲ್ಲ ಕೊಳೆತು ಅಂಟಂಟಾಯಿತು. ಅವಳು ಗಂಡನಿಗೆ ಹೇಳಲಿಲ್ಲ, ತವರಿಗೂ ಹೇಳಲಿಲ್ಲ.

ಜನವರಿಯಲ್ಲಿ, ಹೊರಡುವ ಮುಂಚೆ, ಸೋಮವ್ವ ಮಗನ ಮೊಬೈಲಿನಿಂದ ಮಾತಾಡಿದಳು.

‘ಹೊಸಾ ಕಾಯಿ ಕೆಂಪೇನೋ ಆಗೇತಿ, ಸುಕ್ಕ ಬಿದ್ದಿಲ್ಲ. ಬ್ಯಾಡಗಿ ಪ್ಯಾಟ್ಯಾಗ ಕೈಲೆ ಮುಟ್ಟಿ ನೋಡಿ ಮುಂದ ಹೊಕ್ಕಾರ. ಊರಾಗ ಎಲ್ಲಾರದೂ ಹಂಗ ಐತಿ. ಇರ್ಲಿ ಬಿಡು, ಒಂದ ವರ್ಷದ ಮಾತು. ನೀ ತಿರುಗಾಡಿ ಬಾ. ಬಂದ ಮ್ಯಾಲೆ ನನ್ನ ಬೀಜ ತಂದುಕೊಡು, ಎಲ್ಲಾರೂ ಕೇಳಾಕತ್ತಾರ.’

‘ಹೂಂ ಅವ್ವಾ,’ ಅಂದಳು ಶ್ರೀದೇವಿ. ಆಗಲೇ ಹೇಳಿಬಿಡಬಹುದಿತ್ತು.

‘ನಿಮ್ಮ ರೈಲು ಬ್ಯಾಡಗಿ ಮ್ಯಾಲೆ ಹೊಕ್ಕೇತೇನು?’

‘ಹೊಕ್ಕೇತಿ. ನಿಲ್ಲಂಗಿಲ್ಲ.’

‘ಟೇಶನ್ ಇದ್ದಲ್ಲೆ ನಿಲ್ಲದ ಎಲ್ಲಿಗೆ ಹೊಕ್ಕೇತಿ,’ ಎಂದು ಸೋಮವ್ವ ನಕ್ಕಳು.

ಬೆಂಗಳೂರಿನಲ್ಲಿ ಹಣೆಗೆ ತಿಲಕವಿಟ್ಟು, ಕೊರಳಿಗೆ ಹಾರ ಹಾಕಿ ಹತ್ತಿಸಿಕೊಂಡರು. ಪೋಸ್ಟರಿನಲ್ಲಿ ಇದ್ದದ್ದೆಲ್ಲ ಖರೇನೇ ಇತ್ತು: ಮಖಮಲ್ಲು, ದೀಪ, ಹಾಲಿನಂಥ ಹಾಸಿಗೆ. ಸಿದ್ದಲಿಂಗೇಶ ಹೊಸ ಕ್ಯಾಮೆರಾದಲ್ಲಿ ನಲ್ಲಿಯನ್ನೂ ಬಿಡದೆ ಫೋಟೋ ತೆಗೆದ. ಶ್ರೀದೇವಿಗೆ ಆ ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಹತ್ತಲಿಲ್ಲ. ಇಷ್ಟು ಕಷ್ಟಪಟ್ಟು ದಕ್ಕಿಸಿಕೊಂಡ ಸುಖ ಬಿಸಿ ತುಪ್ಪದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ರಾಣೆಬೆನ್ನೂರು ದಾಟಿತು. ಪಕ್ಕದ ಮೇಜಿನ ವಿದೇಶಿ ಮುದುಕ ಮುದುಕಿಗೆ ಸಿದ್ದಲಿಂಗೇಶ ಬೆರಳು ತೋರಿಸಿ ‘ಮೈ ಟೌನ್, ಮೈ ಟೌನ್’ ಎಂದ. ಬ್ಯಾಡಗಿ ಹತ್ತಿರವಾದಂತೆ ಗಾಡಿ ನಿಧಾನವಾಯಿತು, ನಿಲ್ಲಲಿಲ್ಲ.

ಪ್ಲಾಟ್‌ಫಾರ್ಮಿನ ಮೇಲೆ ಸೋಮವ್ವ ನಿಂತಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು, ಬಗಲಲ್ಲಿ ಬುತ್ತಿಯ ಗಂಟು. ಬಂಧುಗಳು ತಮ್ಮ ಊರಿನ ಮೇಲೆ ರೈಲಿನಲ್ಲಿ ಹೋಗುತ್ತಾರೆಂದರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸ್ಟೇಶನ್ನಿಗೆ ಹೋಗಿ ಕಿಟಕಿಯಲ್ಲಿ ಕೊಟ್ಟು, ಮುಖ ನೋಡಿ ಬರುವುದು ಅಲ್ಲಿನ ರೂಢಿ. ಮುದುಕಿ ಅದನ್ನೇ ನಂಬಿ ಬಂದಿದ್ದಳು. ರೈಲು ಡಬ್ಬಿಯ ಜೊತೆ ಜೊತೆಗೆ ನಡೆಯುತ್ತಾ ಒಂದೊಂದೇ ಕಿಟಕಿಗೆ ಮುಖ ತಂದು ಹುಡುಕುತ್ತಿದ್ದಳು. ಹೊರಗಿನಿಂದ ಆ ಗಾಜು ಕಪ್ಪು. ಶ್ರೀದೇವಿಯ ಕಿಟಕಿಯನ್ನೂ ನೋಡಿದಳು. ಮಗಳ ಕಣ್ಣಿಗೆ ಕಣ್ಣಿಟ್ಟು ನೋಡಿದಳು, ಕಾಣದೆ ಮುಂದಿನ ಕಿಟಕಿಗೆ ಹೋದಳು.

ಶ್ರೀದೇವಿ ಗಾಜು ಬಡಿದಳು. ಪೇಟ ಸುತ್ತಿದ ಮಾಣಿ ಓಡಿ ಬಂದು, ‘ಏನಾದರೂ ಬೇಕಾ ಮೇಡಂ?’ ಎಂದು ಬಗ್ಗಿ ಕೇಳಿದ. ಪ್ಲಾಟ್‌ಫಾರ್ಮ್ ಮುಗಿದು ಹೋಯಿತು.

ಅವಳಿಗೆ ತಡೆಯಲಾಗಲಿಲ್ಲ. ಅಲ್ಲೇ, ಬೆಳ್ಳಿಯಂತೆ ಹೊಳೆಯುವ ಚಮಚಗಳ ಮುಂದೆ ಕೂತು ಗಂಡನಿಗೆ ಬೀಜದ ಸುದ್ದಿ ಹೇಳಿದಳು. ಅವನು ಕ್ಯಾಮೆರಾ ಮೇಜಿನ ಮೇಲಿಟ್ಟ.

‘ಇದಕ್ಕ ಅಳತಾರೇನ? ಬೀಜದ ಅಂಗಡೀನ ನಮ್ಮದೈತಿ. ಎಂಥಾ ಬೇಕಂತ ಕೇಳು ನಿಮ್ಮವ್ವಗ, ನಾ ಕೊಡ್ತೇನಿ.’

ಅವಳು ಅವನ ಮುಖ ನೋಡಿದಳು. ಇಷ್ಟು ವರ್ಷ ಬೀಜ ಮಾರಿದ ಮನುಷ್ಯನಿಗೆ ಆ ಬೀಜ ಯಾವ ಅಂಗಡಿಯಲ್ಲೂ ಸಿಗದೆಂದು ತಿಳಿಯಲಿಲ್ಲ, ಆದರೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳಿಗೆ ಬಾಯಿರಲಿಲ್ಲ. ಉಡಿ ಒಡ್ಡಿದವಳು ಅವಳೇ. ಆಮೇಲೆ ಹಂಪಿ ಬಂತು, ಗೋವಾ ಬಂತು, ಸಮುದ್ರ ಬಂತು. ಎಲ್ಲರಂತೆ ಅವಳೂ ಇಳಿದಳು, ಹತ್ತಿದಳು.

ಊರಿಗೆ ಬಂದ ಮರುದಿನವೇ ತವರಿನ ಬಸ್ಸು ಹಿಡಿದಳು. ಕೈಯಲ್ಲಿ ಗೋವಾದ ಗೋಡಂಬಿ ಇತ್ತು. ಕಣದಲ್ಲಿ ಸೋಮವ್ವ ಮೆಣಸಿನಕಾಯಿ ಒಣಗಿಸಿ ಹರವಿದ್ದಳು. ಕಾಯಿ ಬೇಕಾದಷ್ಟಿತ್ತು, ಕೆಂಪಗೂ ಇತ್ತು, ಆದರೆ ನುಣ್ಣಗೆ, ಬಣ್ಣ ಬಳಿದ ಹಾಗೆ. ಸೋಮವ್ವ ಮೊದಲು ನೋಡಿದ್ದು ಮಗಳ ಕೈಯನ್ನು.

‘ಬೀಜ ತಂದ್ಯಾ?’

ಶ್ರೀದೇವಿ ನಿಂತಲ್ಲೇ ಎಲ್ಲ ಹೇಳಿದಳು. ಅಟ್ಟ, ಪ್ಲಾಸ್ಟಿಕ್ ಚೀಲ, ಮಳೆ, ದೀಪಾವಳಿ, ಬಾರದ ಮೊಳಕೆ. ಯಾವುದನ್ನೂ ಮುಚ್ಚಿಡಲಿಲ್ಲ. ಹೇಳಿ, ತಾಯಿ ಬಯ್ಯಲಿ ಎಂದು ಕಾದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

ಸೋಮವ್ವ ಬಯ್ಯಲಿಲ್ಲ. ಕಣದ ಅಂಚಿನಲ್ಲಿ ಕುಕ್ಕರಿಸಿದಳು. ‘ಊರಾಗೂ ಯಾರ ಹತ್ರ ಇಲ್ಲಲ್ಲ,’ ಅಂದಳು, ತನಗೆ ತಾನೇ ಹೇಳಿಕೊಂಡ ಹಾಗೆ. ‘ಎಲ್ಲಾರೂ ಬೀಜಕ್ಕ ನನ್ನ ಮ್ಯಾಲೆ ಇದ್ರು.’

‘ಅವ್ವಾ, ನನ್ನ ತಪ್ಪಾತು.’

‘ಕುಂದ್ರು.’ ಸೋಮವ್ವ ಒಂದು ನುಣ್ಣನೆಯ ಕಾಯಿ ಎತ್ತಿ ನೋಡಿ ರಾಶಿಗೆ ಬಿಸಾಕಿದಳು. ‘ರೈಲಿನಾಗ ಏನೇನಿತ್ತು ಹೇಳು.’

‘ಅದೀಗ್ಯಾಕ ಅವ್ವಾ?’

‘ಹೇಳು. ಒಂದೂ ಬಿಡದಂಗ ಹೇಳು. ನಮ್ಮವ್ವ ಕೊಟ್ಟದ್ದು, ಅವರವ್ವ ಕೊಟ್ಟದ್ದು ಅದಕ್ಕ ಹೋಗೇತಿ. ಕೊಟ್ಟು ಏನ ತಗೊಂಡಿವಿ ಅಂತ ನನಗೂ ತಿಳೀಲಿ.’

ಶ್ರೀದೇವಿ ಹೇಳತೊಡಗಿದಳು. ಮಂಚವಿತ್ತು ಎಂದಳು, ಮೆತ್ತಗಿತ್ತು.

‘ಮತ್ತ?’

ಪರದೆ. ದೀಪ. ಬಿಸಿನೀರಿನ ನಲ್ಲಿ. ಊಟಕ್ಕೆ ಹತ್ತು ಬಗೆ. ಒಂದೊಂದು ಹೇಳಿದಾಗಲೂ ಸೋಮವ್ವ ತಲೆದೂಗಿ ‘ಮತ್ತ?’ ಅನ್ನುತ್ತಿದ್ದಳು. ವ್ಯಂಗ್ಯವಿರಲಿಲ್ಲ ಆ ದನಿಯಲ್ಲಿ, ಇನ್ನೂ ಏನೋ ಇದ್ದೇ ಇರಬೇಕೆಂಬ ನಂಬಿಕೆ ಇತ್ತು. ಶ್ರೀದೇವಿ ಹಂಪಿ ಹೇಳಿದಳು, ಸಮುದ್ರ ಹೇಳಿದಳು, ಕೊರಳಿಗೆ ಹಾಕಿದ ಹಾರ ಹೇಳಿದಳು. ಕಡೆಗೆ ಹೇಳಲು ಏನೂ ಉಳಿಯಲಿಲ್ಲ.

‘ಮತ್ತ?’

‘ಅಷ್ಟ, ಅವ್ವಾ.’

ಸೋಮವ್ವ ಮಗಳ ಮುಖವನ್ನೇ ನೋಡುತ್ತಾ ಕೇಳಿದಳು:

‘ಬರೇ ಇಷ್ಟ ಏನು?’