ಮುಂಡರಗಿ ಕಾಕಾನ ಎರಡು ರೇಲು

ಹೋದ ವಾರ ಪಾರ್ಸೆಲ್‌ನಲ್ಲಿ ಹೊಸ ಬೇರಿಂಗ್ ಬ್ಲಾಕು ಬಂತು. ಪ್ಲಾಸ್ಟಿಕ್ ಚೀಲ ಹರಿದ ಕೂಡಲೇ, ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸೀಮೆಎಣ್ಣೆಯೂ ಅಲ್ಲ, ಗ್ರೀಸೂ ಅಲ್ಲ, ಎರಡರ ನಡುವಿನ ಒಂದು ತಣ್ಣನೆಯ ವಾಸನೆ. ಮುಂಡರಗಿಯಲ್ಲಿ ಒಬ್ಬ ಕಾಕಾನ ಮನೆಯೊಳಗೆ ಕಾಲಿಟ್ಟರೆ ಇದೇ ವಾಸನೆ ಇರುತ್ತಿತ್ತು... ಕೆಲಸ ಬಿಟ್ಟು ಬ್ಲಾಕನ್ನು ಕೈಯಲ್ಲೇ ಹಿಡಿದು ಕುಳಿತೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪನ ನಂತರ ಮಗ್ಗದ ಕೋಣೆ ಖಾಲಿ ಬಿದ್ದಿತ್ತು. ಬಾಗಿಲಿಗೆ ಹೂಬಳ್ಳಿ ಕೆತ್ತುವ ಬಡಿಗೇರ ಅಂಗಡಿಯ ಕೆಲಸ ಬಿಟ್ಟು, ಅದೇ ಕೋಣೆಯಲ್ಲಿ ನಾನೇ ಒಂದು ಸಿಎನ್‌ಸಿ ಮಶೀನು ಕಟ್ಟುತ್ತೇನೆಂದು ಹೊರಟೆ. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರವನ್ನು ಮಶೀನು ತಾನೇ ಓಡಾಡಿ ಮರದ ಮೇಲೆ ಕೆತ್ತಬೇಕು. ಮೋಟರು, ವೈರು ಎಲ್ಲ ಹೊಂದಿಸಿಕೊಂಡೆ. ಸಿಕ್ಕಿಬಿದ್ದದ್ದು, ಅದು ಯಾವುದರ ಮೇಲೆ ಓಡಾಡಬೇಕು ಎನ್ನುವಲ್ಲಿ. ಮೊದಲು ಅಡುಗೆಮನೆಯ ಡ್ರಾವರಿಗೆ ಹಾಕುವ ಚಾನಲ್ಲು ತಂದೆ, ಹಾಲುಹಲ್ಲಿನಂತೆ ಅಲ್ಲಾಡಿತು. ಆಮೇಲೆ ದುಂಡನೆಯ ರಾಡು ತಂದೆ, ಭಾರ ಬಿದ್ದಾಗ ನಡುವೆ ಬಾಗಿ, ಕೆತ್ತಿದ ಗೆರೆ ನಡುವಿನಲ್ಲಿ ಆಳವಾಗತೊಡಗಿತು. ನಾಲ್ಕು ತಿಂಗಳು ಹೀಗೇ ಹೋದವು. ಮನೆಯಲ್ಲಿ ಅವ್ವ ನನ್ನ ಜೊತೆ ಮಾತು ಕಡಿಮೆ ಮಾಡಿದಳು.

ಗದಗಿನ ಬೇರಿಂಗ್ ಅಂಗಡಿಯವರು, "ಮುಂಡರಗ್ಯಾಗ ಒಬ್ಬ ಹಳೇ ಫಿಟ್ಟರ್ ಅದಾರ, ಅವರನ್ನ ಕೇಳ್ರಿ" ಅಂದರು.

ಕಾಕಾ ದೊಡ್ಡ ಊರಿನ ಕಾರ್ಖಾನೆಯೊಂದರಲ್ಲಿ ಮಶೀನು ಜೋಡಿಸುವ ಕೆಲಸ ಮಾಡಿ ಊರಿಗೆ ಮರಳಿದ್ದರು. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಪಂಪು ರಿಪೇರಿ, ಹಳೆಯ ಬೇರಿಂಗುಗಳ ಮಾರಾಟ. ಮಾತು ಬಹಳ ಕಡಿಮೆ. ನಾನು ಒಯ್ದಿದ್ದ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಚೌಕ ರೇಲ್ ಬೇಕು. ತಳಕ್ಕ ಪೂರ್ತಿ ಆಸರಾ ಇರಬೇಕು" ಎಂದರು. ಉಕ್ಕಿನ ರೇಲು, ಅದರ ಮೇಲೆ ಪುಟ್ಟ ಗಾಡಿಯಂತೆ ಓಡುವ ಬ್ಲಾಕು, ಬ್ಲಾಕಿನೊಳಗೆ ಸಾಲಾಗಿ ಉರುಳುವ ಸಣ್ಣ ಗುಂಡುಗಳು. ಕಾಕಾ ಒಂದು ತುಂಡು ರೇಲನ್ನು ಕಲ್ಲಿನ ಮೇಲಿಟ್ಟು, ಕಣ್ಣು ಮುಚ್ಚಿ, ಒಂದೇ ಬೆರಳಿನಿಂದ ಬ್ಲಾಕನ್ನು ತಳ್ಳಿ ತೋರಿಸಿದರು. ಅದು ನೀರಿನ ಮೇಲೆ ಹೋದಂತೆ ಹೋಯಿತು.

ಅವತ್ತೇ ಅವರ ಮಂಚದ ಕೆಳಗೆ ನಾನು ಆ ಜೋಡಿಯನ್ನು ನೋಡಿದ್ದು. ಎಣ್ಣೆಯಲ್ಲಿ ನೆನೆಸಿದ ಬಿಳಿ ಧೋತರದಲ್ಲಿ ಸುತ್ತಿದ್ದ, ನಾಲ್ಕು ನಾಲ್ಕು ಅಡಿಯ ಎರಡು ರೇಲು. ನನ್ನ ಮಶೀನಿಗೆ ಅಳತೆ ಮಾಡಿ ಇಟ್ಟಂತಿದ್ದವು.

"ಅವು ಬ್ಯಾಡ" ಎಂದರು ಕಾಕಾ. ಯಾಕೆಂದು ಹೇಳಲಿಲ್ಲ.

ಆಮೇಲೆ ಐದಾರು ಸಲ ಹೋದೆ. ಎರಡು ಸಲ, ನಾನು ಹೊಸಿಲಲ್ಲಿ ನಿಂತದ್ದು ಗೊತ್ತಾಗದೆ, ಅವರು ಆ ರೇಲುಗಳನ್ನು ನೆಲದ ಮೇಲೆ ಬಿಚ್ಚಿಟ್ಟುಕೊಂಡು ಕುಳಿತಿದ್ದರು. ಬ್ಲಾಕು ಅತ್ತ ಹೋಗುವುದು, ಇತ್ತ ಬರುವುದು. ಒಂದು ಜಾಗ ಬಂದಾಗ ಮಾತ್ರ ನಿಲ್ಲಿಸಿ, ಯಾರದೋ ಮಾತು ಕೇಳುವವರಂತೆ ತಲೆ ಬಗ್ಗಿಸುತ್ತಿದ್ದರು. ಹಾಡುಹಗಲು, ಹೊರಗೆ ಬಸ್ಸುಗಳ ಹಾರ್ನು. ಆದರೂ ನಾನು ಕರೆಯದೆ, ಹೊಸಿಲಿನಿಂದಲೇ ಹಿಂದೆ ಸರಿದೆ.

ಒಂದು ದಿನ ಅವರೇ ಫೋನು ಮಾಡಿದರು. "ಬಾ ತಮ್ಮಾ, ಆ ರೇಲ್ ಒಯ್ಯಿ."

ಕಾರಣ ಕೇಳಲಿಲ್ಲ. ಬೇಕಾದದ್ದು ಸಿಕ್ಕಾಗ ಯಾರು ಕೇಳುತ್ತಾರೆ? ಹತ್ತು ದಿನದಲ್ಲಿ ಮಶೀನು ನಿಂತಿತು. ಮೊದಲ ಹಲಗೆಯ ಮೇಲೆ ಬಳ್ಳಿ ಮೂಡುವುದನ್ನು ನೋಡಲು ಅವ್ವ ಬಂದು ನಿಂತಳು, ನಕ್ಕಳು. ಆದರೆ ಎಡತುದಿಯಿಂದ ಒಂದೂವರೆ ಗೇಣಿನಷ್ಟು ದೂರದಲ್ಲಿ ಕೂದಲೆಳೆಯಂಥ ಒಂದು ಗೆರೆ ಬಿದ್ದಿತ್ತು. ಹಲಗೆ ಬದಲಿಸಿದೆ, ಅದೇ ಜಾಗ. ಚಿತ್ರ ಬದಲಿಸಿದೆ, ಅದೇ ಜಾಗ. ಬೋಲ್ಟುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದೆ. ಕಿವಿ ಹತ್ತಿರ ಹಿಡಿದರೆ ಅಲ್ಲಿಗೆ ಬಂದಾಗ ಮಶೀನು ಸಣ್ಣಗೆ ಉಸಿರು ಎಳೆದುಕೊಂಡಂತೆ ಕೇಳುತ್ತಿತ್ತು. ಲಕ್ಷ್ಮೇಶ್ವರದವರೊಬ್ಬರು ಹೇಳಿಹೋಗಿದ್ದ ಜೋಡಿ ಬಾಗಿಲು ಅರ್ಧಕ್ಕೇ ನಿಂತಿತು.

ಕಾಕಾನಿಗೆ ಫೋನು ಮಾಡಿದೆ. ಒಂದೇ ಜಾಗದಲ್ಲಿ ಗೆರೆ ಬೀಳುತ್ತದೆ ಎಂದಷ್ಟೇ ಹೇಳಿದೆ.

"ಎಡಕ್ಕೇನು? ಒಂದೂವರಿ ಗೇಣಿಗೆ?"

ನಾನು ಯಾವ ಬದಿ, ಎಷ್ಟು ದೂರ ಎಂದು ಇನ್ನೂ ಹೇಳಿರಲಿಲ್ಲ.

ಮರುದಿನ ಮುಂಜಾನೆಯ ಬಸ್ಸಿಗೇ ಬಂದರು. ಚಹಾ ಬೇಡವೆಂದರು. ಬ್ಲಾಕನ್ನು ಕೈಯಿಂದಲೇ ಸರಿಸಬೇಕು, ಮೋಟರಿನ ಸ್ಕ್ರೂ ಬಿಚ್ಚು ಎಂದರು. ಬಿಚ್ಚಿದೆ. "ಮೇನ್ ತಗದೀಯೇನು?" ಎಂದರು. ಮೇನ್ ಸ್ವಿಚ್ಚು ಆರಿಸಿದ್ದೇನೆಂದೆ. ಮತ್ತೆ ಅದನ್ನೇ ಕೇಳಿದರು. ಮೂರನೆಯ ಸಲ ಕೇಳಿದಾಗ ಮಶೀನಿನ ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದು ತೋರಿಸಿದೆ.

ಆಗ ಅವರು ಎಡಗೈಯನ್ನು ರೇಲಿನ ಮೇಲೆ, ಆ ಜಾಗದಲ್ಲಿ ಇಟ್ಟರು. ಅದೇ ಹೊತ್ತಿಗೆ ಓಣಿಯ ಕರೆಂಟು ಹೋಯಿತು. ಬೆಟಗೇರಿಯಲ್ಲಿ ಕರೆಂಟು ಹೋಯಿತೆಂದರೆ ನೂರಾರು ಪವರ್‌ಲೂಮುಗಳು ಒಮ್ಮೆಲೇ ನಿಲ್ಲುತ್ತವೆ. ಹುಟ್ಟಿದಾಗಿನಿಂದ ಕೇಳಿದ ಆ ಸದ್ದು ನಿಂತರೆ ನಮಗೆ ಕಿವಿಯೇ ಹೋದಂತೆ.

ಆ ಮೌನದಲ್ಲಿ ಬ್ಲಾಕು ಸರಿಯಿತು. ಯಾರೂ ಮುಟ್ಟಿರಲಿಲ್ಲ. ಬಲತುದಿಯಲ್ಲಿದ್ದದ್ದು ಮೆಲ್ಲಗೆ, ದಾರಿ ತಿಳಿದವರಂತೆ ಬಂದು, ಕಾಕಾನ ಬೆರಳ ತುದಿಗೆ ತಾಗಿ ನಿಂತಿತು. ಮಶೀನಿನ ಮಟ್ಟವನ್ನು ನಾನು ಮೂರು ಸಲ ನೋಡಿದ್ದೆ, ಕೂದಲಷ್ಟೂ ಓರೆ ಇರಲಿಲ್ಲ. ಪ್ಲಗ್ಗು ನನ್ನ ಕೈಯಲ್ಲೇ ಇತ್ತು.

"ಬಂದ" ಎಂದರು ಕಾಕಾ.

ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಎದ್ದವು. ಆ ಸದ್ದಿನ ನಡುವೆ, ನೆಲದ ಮೇಲೆ ಕುಳಿತು, ಕಾಕಾ ಹೇಳಿದರು.

ಕಾರ್ಖಾನೆಯಲ್ಲಿ ಅವರಿಗೊಬ್ಬ ಜೊತೆಗಾರನಿದ್ದ, ಶಿರಹಟ್ಟಿಯವನು. ಕರೆಂಟು ಹೋದಾಗ ದೊಡ್ಡ ಮಶೀನಿನೊಳಗೆ ಇಳಿದು ಅವನು ಈ ರೇಲುಗಳನ್ನು ಒರೆಸುತ್ತಿದ್ದ. ಮೇನ್ ತೆಗೆಯುವ ಕೆಲಸ ಕಾಕಾನದು. ತೆಗೆದೆನೆಂದು ಕೂಗಿ ಹೇಳಿದ್ದರು, ತೆಗೆದಿರಲಿಲ್ಲ. ಮಾತಿನ ಭರದಲ್ಲಿ ಮರೆತಿದ್ದರು. ಕರೆಂಟು ಬಂತು, ಮೇಲಿನ ಉಕ್ಕಿನ ತೊಲೆ ಓಡಿ ಬಂತು. ಅವನು ಉಳಿಯಲಿಲ್ಲ.

"ತೊಲಿ ಹಿಂದ ಸರಸಾಕ ಸುತ್ತಿಗಿ ತಗೊಂಡು ನಾನ ಹೊಡದೆ, ತಮ್ಮಾ. ಆ ಹೊಡತಕ್ಕ ಗುಂಡು ಒತ್ತಿ ರೇಲಿನ್ಯಾಗ ಕುಳಿ ಬಿದ್ದಾವ. ಕಣ್ಣಿಗಿ ಕಾಣೂದಿಲ್ಲ. ಬೆರಳಿಗಷ್ಟ ಹತ್ತತಿತ್ತು."

ಆ ಮಶೀನು ಗುಜರಿಗೆ ಹೋದಾಗ ಈ ಎರಡು ರೇಲನ್ನು ಕೊಂಡು ತಂದರು. ಅಂದಿನಿಂದ ದಿನಾ ಒಮ್ಮೆ ಬೆರಳಾಡಿಸುತ್ತಿದ್ದರು.

"ಮತ್ತ ನನಗ್ಯಾಕ ಕೊಟ್ರಿ, ಕಾಕಾರ?" ನನ್ನ ದನಿಯಲ್ಲಿ ಸಿಟ್ಟಿತ್ತು.

"ಸಕ್ಕರಿ ಬ್ಯಾನಿಗಿ ಬೆರಳು ಜೋಮು ಹಿಡದಾವ. ವರ್ಷಾತು, ನನಗ ಹತ್ತವಲ್ದು. ಅವ ಹೋಗ್ಯಾನೋ, ನನ್ನ ಬೆರಳ ಸತ್ತಾವೋ ತಿಳೀಲಿಲ್ಲ. ನಿನ್ನ ಮಶೀನಿಗರ ಹತ್ತತೈತೇನ ನೋಡೂಣಂತ ಕೊಟ್ಟೆ."

ಆ ರೇಲುಗಳನ್ನು ಅಂದೇ ಬಿಚ್ಚಿದೆ. ಮುಂದಿನ ವಾರ ಕಾಕಾ ನನ್ನ ಜೊತೆ ಹುಬ್ಬಳ್ಳಿಗೆ ಬಂದು ಹೊಸ ಜೋಡಿ ಆರಿಸಿದರು. ತಮ್ಮ ಬೆರಳಿಗೆ ತಿಳಿಯದೆಂದು ನನ್ನ ಬೆರಳು ಹಿಡಿದು ಬ್ಲಾಕು ತಳ್ಳಿಸಿದರು. "ಏನು ಹತ್ತತೈತಿ?" ಎಂದು ಪ್ರತಿ ಸಲ ಕೇಳುವರು. ಏಳನೆಯ ಜೋಡಿಗೆ ನಾನು "ಏನೂ ಇಲ್ರಿ" ಅಂದೆ. "ಹಂಗಾದ್ರ ಅದನ್ನ ತಗೊ" ಎಂದರು. ಲಕ್ಷ್ಮೇಶ್ವರದ ಬಾಗಿಲು ಮುಗಿಯಿತು. ಆ ಗೆರೆ ಮತ್ತೆ ಬೀಳಲಿಲ್ಲ.

ಹಳೆಯ ರೇಲುಗಳನ್ನು ಒಯ್ಯಲು ಬಂದ ದಿನ ಕಾಕಾ ಮುಂಡರಗಿಯ ಬಸ್ಸು ಹತ್ತಲಿಲ್ಲ. "ಶಿರಹಟ್ಟಿತನಕ ಬರ್ತೀಯೇನು?" ಎಂದರು. ಧೋತರದ ಗಂಟನ್ನು ನಾನೇ ಹೊತ್ತೆ.

ಜೊತೆಗಾರನ ಹೆಂಡತಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಕಾಕಾನ ಗುರುತು ಹಿಡಿದು, ಬರ್ರಿ ಕುಂಡ್ರಿ ಎಂದು ನೀರು ಕೊಟ್ಟರು. ಕಾಕಾ ನೀರು ಕುಡಿದು, ನಿಂತುಕೊಂಡೇ ಹೇಳಿದರು. "ವೈನಿ, ಮೇನ್ ನಾ ತಗದಿರಲಿಲ್ರಿ." ಅಷ್ಟೇ. ಆಮೇಲೆ, ಅವನು ಒರೆಸುತ್ತಿದ್ದ ರೇಲುಗಳು ಇವೆಂದು ಗಂಟನ್ನು ಆಕೆಯ ಮುಂದೆ ಇಟ್ಟರು.

ಆಕೆ ಕೇಳಿಸಿಕೊಂಡರು. ಶೇಂಗಾದ ಬುಟ್ಟಿ ಬದಿಗಿಟ್ಟು ಗಂಟು ಬಿಚ್ಚಿದರು. ಯಾವ ರೇಲು, ಯಾವ ಬದಿ ಎಂದು ಯಾರೂ ಹೇಳಲಿಲ್ಲ. ಅವರ ಹೆಬ್ಬೆರಳು ಒಂದರ ಮೇಲೆ ಜಾರುತ್ತ ಹೋಗಿ, ನಿಂತಿತು.

"ಇಲ್ಲೇನ್ರಿ?"

ಅಲ್ಲೇ ಆಗಿತ್ತು. ಕಾಕಾ ತಲೆಯಾಡಿಸಿದರು.

"ಇದನ್ನ ಇಲ್ಲೇ ಬಿಡ್ರಿ" ಎಂದರು ಆಕೆ. ತಲೆ ಎತ್ತದೆಯೇ, "ನೀವು ಹೋಗ್ರಿ. ಮತ್ತ ಬರಬ್ಯಾಡ್ರಿ" ಎಂದರು. ಕೂಗಲಿಲ್ಲ, ಅಳಲೂ ಇಲ್ಲ. ಹೆಬ್ಬೆರಳು ಇನ್ನೂ ಅಲ್ಲೇ ಇತ್ತು.

ಗದಗಿಗೆ ಮರಳುವ ಬಸ್ಸಿನಲ್ಲಿ ಕಾಕಾ ಕಿಟಕಿಯ ಬದಿಯನ್ನು ನನಗೆ ಬಿಟ್ಟು ಪಕ್ಕದಲ್ಲಿ ಕುಳಿತರು. ಮಾಗಡಿ ಕೆರೆಯ ಮೇಲೆ ಆ ವರ್ಷದ ಹಕ್ಕಿಗಳು ಇಳಿದಿದ್ದವು. ಕಾಕಾ ಅಳುತ್ತಿದ್ದರು, ಸದ್ದಿಲ್ಲದೆ, ಮುಖ ಒರೆಸಿಕೊಳ್ಳದೆ. ನನಗೆ ಏನು ಮಾಡಬೇಕೋ ತಿಳಿಯದೆ, ಹಕ್ಕಿ ನೋಡುವವನಂತೆ ಮುಖ ತಿರುವಿಕೊಂಡೆ. ಗದಗಿನಲ್ಲಿ ಅವರನ್ನು ಮುಂಡರಗಿ ಬಸ್ಸಿಗೆ ಹತ್ತಿಸಿದೆ. ಅದೇ ಕೊನೆ. ಮಳೆಗಾಲಕ್ಕೆ ಮುಂಚೆ ತೀರಿಹೋದರೆಂದು ಖಬರು ಬಂತು, ಮಣ್ಣಿಗೂ ನನಗೆ ಹೋಗಲಾಗಲಿಲ್ಲ.

ಈಗ ನನ್ನ ಹತ್ತಿರ ಎರಡು ಮಶೀನುಗಳಿವೆ. ಕೆಲಸಕ್ಕೆ ತೊಂದರೆಯಿಲ್ಲ. ಆ ಹೆಣ್ಣುಮಗಳು ಮಾಡಿದ್ದು ಸರಿಯೋ ತಪ್ಪೋ ಎಂದು ನಾನು ಯೋಚಿಸುವುದಿಲ್ಲ, ಅದು ಅವರದು. ಬ್ಲಾಕು ತಾನಾಗಿಯೇ ಹೇಗೆ ಸರಿಯಿತೆಂದೂ ಈಗ ಕೇಳಿಕೊಳ್ಳುವುದಿಲ್ಲ. ನನ್ನನ್ನು ಕಾಡುವುದು ಬಸ್ಸಿನ ಆ ಸೀಟು. ಕಾಕಾನ ಕೈ ನನ್ನ ಕೈಯಿಂದ ನಾಲ್ಕು ಬೆರಳು ದೂರದಲ್ಲಿತ್ತು. ನಾನು ಹಿಡಿದುಕೊಳ್ಳಲಿಲ್ಲ.