ಭಟ್ಟರ ಪರವಾಗಿ ನಾನಾಡಿದ ಇಂಗ್ಲಿಷ್

ಅನಂತ ಭಟ್ಟರು ಅಡಿಗೆಯ ರುಚಿ ನೋಡುತ್ತಿದ್ದುದು ಮೂಗಿನಿಂದ. ಕುದಿಯುವ ಕೊಪ್ಪರಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದುಕೊಂಡರೆ ಮುಗಿಯಿತು. "ಉಪ್ಪು ಇನ್ನೊಂದು ಚಿಟಿಕೆ ಬೇಕು," ಎನ್ನುತ್ತಿದ್ದರು, ಬೇಕಾಗಿಯೇ ಇರುತ್ತಿತ್ತು. ದೇವರಿಗೆ ನೈವೇದ್ಯವಾಗುವ ಮೊದಲು ಸೌಟಿನ ತುದಿಯನ್ನೂ ನಾಲಿಗೆಗೆ ತಾಗಿಸದ ಉಡುಪಿ ಕಡೆಯ ಅಡಿಗೆಯವರು ಅವರು. ಕಲ್ಕತ್ತೆಯ ನಮ್ಮ ಕನ್ನಡದವರ ಮನೆಗಳಲ್ಲಿ ಮದುವೆಯಿರಲಿ, ಶ್ರಾದ್ಧವಿರಲಿ, ಭಟ್ಟರೇ ಆಗಬೇಕು. ಸಾರು ಹದವಾಗಿದೆಯೆಂದು ಹೊಗಳಿದರೆ, "ಹೌದಾ? ನಾನಿನ್ನೂ ಉಣ್ಲಿಲ್ಲ ಮಾರಾಯ್ರೆ," ಎಂದು ನಗುತ್ತಿದ್ದರು.

ಲೇಕ್ ಗಾರ್ಡನ್ಸ್‌ನಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಅವರದೊಂದು ಕೋಣೆ. ಹೆಂಡತಿ ಮತ್ತು ಮಗಳು ಬ್ರಹ್ಮಾವರದಲ್ಲಿ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಗಳು ಬಾಗಿಲ ಹಿಂದೆ ಅಡಗುತ್ತಾಳೆಂದು ಹೇಳಿಕೊಳ್ಳುತ್ತಿದ್ದರು. "ಅಪ್ಪನನ್ನು ಕಂಡ್ರೆ ನೆಂಟರನ್ನು ಕಂಡ ಹಾಗೆ ಮಾಡ್ತದೆ ಅದು. ಮೂವರೂ ಒಂದು ಸೂರಿನಡಿ ಇರುವ ಹಾಗೆ ಎಂತಾದ್ರೂ ಆಗ್ಬೇಕು." ಆದರೆ ಅದು ಎಪ್ಪತ್ತರ ಕಲ್ಕತ್ತೆ. ದಿನಕ್ಕೊಂದು ಗಲಾಟೆ, ಬಾಂಬು, ಬಂದ್. ಜನ ಸಮಾರಂಭಗಳನ್ನೇ ಕೈಬಿಟ್ಟಿದ್ದರು. ಭಟ್ಟರ ಒಲೆ ತಿಂಗಳಿಗೆರಡು ದಿನ ಉರಿದರೆ ಹೆಚ್ಚು.

ನನಗೆ ಆಗಲೇ ಕೆನಡಾದ ಎಡ್ಮಂಟನ್ನಿನಲ್ಲಿ ಕೆಲಸ ಸಿಕ್ಕಿತ್ತು, ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ಗರಿಯಾಹಾಟಿನ ಪೇಟೆಯಲ್ಲಿ ಉಣ್ಣೆಯ ಕೋಟು ಹುಡುಕಿಕೊಂಡು ಅಲೆದಾಗ ಭಟ್ಟರೂ ಜೊತೆಗೆ ಬಂದರು.

"ಅಲ್ಲಿ ನದಿಯೇ ಕಲ್ಲಾಗ್ತದಂತೆ, ಹೌದಾ?"

"ಹೌದು ಭಟ್ಟರೆ. ಅದರ ಮೇಲೆ ನಡೆದು ಹೋಗಬಹುದಂತೆ."

"ಆಗ್ಲಿ. ಒಲೆ ಎದುರು ನಿಲ್ಲುವವನಿಗೆ ಎಲ್ಲ ಊರಲ್ಲೂ ಸೆಕೆಯೇ."

ಅವರಿಗೆ ಬರುವ ಆಸೆ ಇದೆಯೆಂದು ಆಗಲೇ ಗೊತ್ತಾಯಿತು. ದೇವರು ಕೊಟ್ಟಂತೆ ಆ ಚಳಿಗಾಲದಲ್ಲೇ ಡೊನಾಲ್ಡ್ ಎಂಬ ಎಡ್ಮಂಟನ್ನಿನವನು ನನ್ನ ಹೊಸ ಆಫೀಸಿನವರಿಂದ ವಿಳಾಸ ಪಡೆದು ಮನೆಗೆ ಬಂದ. ಅಲ್ಲೊಂದು ಸಸ್ಯಾಹಾರಿ ಹೋಟೆಲು ತೆರೆಯುವವನಿದ್ದ, ಅಡಿಗೆಯವರನ್ನು ಹುಡುಕುತ್ತಿದ್ದ. ಸಂಸಾರವನ್ನೂ ಕರೆದುಕೊಂಡು ಬರಬಹುದು ಎಂದ. ಭಟ್ಟರ ಹೆಸರು ಹೇಳಿದವನು ನಾನೇ. ಅಲ್ಲಿಯವರೆಗೆ ನಾನು ಒಳ್ಳೆಯವನೇ ಆಗಿದ್ದೆ.

ಭಾನುವಾರ ನಮ್ಮ ಮನೆಯಲ್ಲೇ ಊಟ. ಭಟ್ಟರು ಬೆಳಿಗ್ಗೆಯೇ ಮಿಂದು, ಬರಿಮೈಯಲ್ಲಿ ಒಲೆಯ ಮುಂದೆ ನಿಂತಿದ್ದರು. ಹುಳಿ ಕುದಿಯುತ್ತಿದ್ದಾಗ ಡೊನಾಲ್ಡ್ ಬೂಟುಗಾಲಲ್ಲಿ ಅಡಿಗೆಮನೆಗೆ ನುಗ್ಗಿದ, ಸೌಟೆತ್ತಿ ಒಂದು ಗುಟುಕು ಕುಡಿದು, "ಅದ್ಭುತ!" ಎಂದು ಸೌಟನ್ನು ಪಾತ್ರೆಗೇ ಬಿಟ್ಟ. ಭಟ್ಟರು ಎಂಜಲಾದ ಪಾತ್ರೆಯನ್ನು ಕೆಳಗಿಳಿಸಿ, ಕೈ ತೊಳೆದು, ಬೇರೆ ಪಾತ್ರೆಯಿಟ್ಟು ಮೊದಲಿನಿಂದ ಶುರುಮಾಡಿದರು. ಡೊನಾಲ್ಡನ ಮುಖ ಕೆಂಪಾಯಿತು. ತನ್ನ ಹೋಟೆಲಿನಲ್ಲಿ ಬಡಿಸುವ ಮುಂಚೆ ರುಚಿ ನೋಡಲೇಬೇಕು, ಇವರು ನೋಡುತ್ತಾರೆಯೇ ಎಂದು ನನ್ನನ್ನು ಕೇಳಿದ. ನಾನದನ್ನು ಭಟ್ಟರಿಗೆ ಹೇಳಿದೆ.

"ಅವರಿಗೆ ಹೇಳಿ ಮೂರ್ತಿಯವರೇ, ಇವತ್ತಿಂದು ದೇವರಿಗೆ ಇಡುವ ಅಡಿಗೆ, ಅದಕ್ಕೆ ಹೀಗೆ ಮಾಡಿದ್ದು. ಬೇಜಾರು ಮಾಡುವುದು ಬೇಡ. ಅಲ್ಲಿ ಅವರು ಹೇಳಿದ ಹಾಗೇ ಮಾಡ್ತೇನೆ, ರುಚಿಯೂ ನೋಡ್ತೇನೆ. ಹೋಟೆಲು ಬೇರೆ, ದೇವರು ಬೇರೆ."

ನಾನು ಮೊದಲ ಮಾತನ್ನಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಉಳಿದದ್ದರ ಬದಲಿಗೆ, ಇವರು ಹಳೆಯ ಕಾಲದವರು, ಮಡಿ ಮೈಲಿಗೆಯವರು, ಬದಲಾಗುತ್ತಾರೆಂದು ನಾನು ಮಾತು ಕೊಡಲಾರೆ ಎಂದು ನನ್ನದೇ ಉದ್ದನೆಯ ಪುರಾಣ ಸೇರಿಸಿದೆ. ಭಟ್ಟರು ಒಗ್ಗರಣೆ ಸೌಟು ಹಿಡಿದು, ನನ್ನ ಬಾಯನ್ನೇ ನೋಡುತ್ತಾ ತಲೆಯಾಡಿಸುತ್ತಿದ್ದರು. ಡೊನಾಲ್ಡ್ ಎರಡು ಸಲ ಬಡಿಸಿಕೊಂಡು ಉಂಡ, ಕೈಮುಗಿದು ಹೋದ.

ಯಾಕೆ ಹಾಗೆ ಮಾಡಿದೆ? ನಾಚಿಕೆಯಿಂದ. ಕೋಟು ತೊಟ್ಟು ಹೊಸ ದೇಶದಲ್ಲಿ ಹೊಸ ಮನುಷ್ಯನಾಗಲು ಹೊರಟಿದ್ದ ನನಗೆ, ಅಲ್ಲಿ ನನ್ನವರೆಂದು ತೋರಿಸಿಕೊಳ್ಳಲು ಪಂಚೆಯ ಭಟ್ಟರು ಬೇಡವಾಗಿದ್ದರು. ಬೇರೆ ಕಾರಣವಿರಲಿಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಾರೆ. ಮುಪ್ಪು ಬಂದಿದೆ, ನೆನೆಯುತ್ತಿದ್ದೇನೆ.

"ಆ ದೊರೆಯ ಕಾಗದ ಬಂತಾ?" ಎಂದು ಭಟ್ಟರು ಎರಡು ತಿಂಗಳು ಕೇಳಿದರು. ಆಮೇಲೆ ಅವರೇ ನಿಲ್ಲಿಸಿದರು. ನಾನು ಹೊರಟ ದಿನ ಹೌರಾ ಸ್ಟೇಷನ್ನಿಗೆ ಬಂದು, ವಿಮಾನ ಹತ್ತುವ ಊರಿನವರೆಗಿನ ಎರಡು ದಿನದ ರೈಲು ಪ್ರಯಾಣಕ್ಕೆಂದು ಚಿತ್ರಾನ್ನ, ಮೊಸರನ್ನದ ಬುತ್ತಿ ಕೊಟ್ಟರು. "ಹೋಗಿ ಬನ್ನಿ. ಅಲ್ಲಿ ಹೊಟ್ಟೆ ಕಟ್ಟಬೇಡಿ," ಎಂದರು.

ಎಡ್ಮಂಟನ್ನಿನಲ್ಲಿ ರಾತ್ರಿ ಕಾರಿಗೂ ಕರೆಂಟು ಕೊಟ್ಟು ಬೆಚ್ಚಗಿಡಬೇಕು, ಇಲ್ಲವಾದರೆ ಬೆಳಿಗ್ಗೆ ಅಲುಗುವುದಿಲ್ಲ. ಮೂಗಿನೊಳಗಿನ ಉಸಿರೂ ಹೆಪ್ಪುಗಟ್ಟುವ ಊರು. ಎರಡನೆಯ ಚಳಿಗಾಲದಲ್ಲಿ ಡೊನಾಲ್ಡ್ ಅಂಗಡಿಯೊಂದರಲ್ಲಿ ಸಿಕ್ಕಿದ. ಹೋಟೆಲು ನಡೆಯುತ್ತಿತ್ತು, ಆದರೆ ಯಾವ ಅಡಿಗೆಯವರೂ ನಿಲ್ಲುತ್ತಿರಲಿಲ್ಲ. "ನಿಮ್ಮ ಆ ಭಟ್ಟರು ಸ್ವಲ್ಪ ಒಪ್ಪಿದ್ದರೆ! ಈಗಲಾದರೂ ಒಮ್ಮೆ ಬರೆದು ಕೇಳಿ," ಎಂದ. ಬರೆಯುತ್ತೇನೆ ಎಂದೆ. ಬರೆಯಲು ಕುಳಿತರೆ, ಮೊದಲು ಯಾಕೆ ತಪ್ಪಿತೆಂಬುದನ್ನೂ ಹೇಳಬೇಕಾಗುತ್ತಿತ್ತು. ಪೆನ್ನು ಮುಚ್ಚಿಟ್ಟೆ.

ಐದು ವರ್ಷ ಕಳೆದು ರಜೆಗೆ ಬಂದವನು ಕಲ್ಕತ್ತೆಗೂ ಹೋದೆ. ಗಲ್ಲಿಯ ಕೋಣೆಯ ಬಾಗಿಲು ತೆರೆದವರು ಭಟ್ಟರ ಹೆಂಡತಿ. ಒಳಗೆ ಹದಿನಾರರ ಮಗಳು ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟುತ್ತಿದ್ದಳು. ಭಟ್ಟರು ಹೋಗಿ ಒಂದು ತಿಂಗಳಾಗಿತ್ತು.

"ಕಾಯಿಲೆ ಜೋರಾದ ಮೇಲೆ ನಾವು ಬಂದದ್ದು," ಎಂದರು ಆಕೆ. "ಮೂರು ವಾರ ಮೂವರೂ ಒಟ್ಟಿಗೇ ಇದ್ದೆವು. ಅಷ್ಟಾದ್ರೂ ಆಯ್ತು."

ನಾನು ಹೆಸರು ಹೇಳಿದೆ. ಆಕೆಯ ಮುಖ ಅರಳಿತು. ಮಗಳ ಕಡೆ ತಿರುಗಿ ಹೇಳಿದರು, "ಇವರೇ ಮೂರ್ತಿಯವರು! ಅಪ್ಪನಿಗೋಸ್ಕರ ಆ ದೊರೆಯ ಹತ್ತಿರ ಇಂಗ್ಲಿಷಲ್ಲಿ ಅಷ್ಟು ಹೊತ್ತು ವಾದ ಮಾಡಿದವರು. ಅಪ್ಪ ಪ್ರತಿ ಕಾಗದದಲ್ಲೂ ಬರೀತಿದ್ರಲ್ಲ? ನಮಸ್ಕಾರ ಮಾಡು."

ಹುಡುಗಿ ಎದ್ದು ಬಂದು ನನ್ನ ಕಾಲಿಗೆ ಹಣೆ ಮುಟ್ಟಿಸಿದಳು. ನಾನು ಕಾಲನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.