ಕೂಲರಿನ ಮುಂದಿನ ಜರೀಗಿಡ

ಅಕ್ಕಿಕಾಳಿನಷ್ಟು ಬಿಳಿ ಹುಳವೊಂದು ಕಂದು ಎಲೆಯ ಅಂಚಿನಿಂದ ಹೊರಳಿ ಕೂಲರಿನ ಮುಂದೆ ಬಿತ್ತು. ಅದರ ಹಿಂದೆ ಇನ್ನೊಂದು. ಪಡಸಾಲೆಯ ದುರ್ವಾಸನೆ ಕೂಲರಿನ ನೀರಿನದೆಂದು ನಂಬಿ ಹಿಂದಿನ ದಿನ ಟ್ಯಾಂಕನ್ನು ತಿಕ್ಕಿ ತೊಳೆದಿದ್ದೆ.

ಹುಳ ಬಿದ್ದದ್ದು ನನ್ನ ಸ್ಟ್ಯಾಗ್‌ಹಾರ್ನ್ ಜರೀಗಿಡದಿಂದ. ಮಣ್ಣಿಲ್ಲದೆ ಹಲಗೆಗೆ ಅಂಟಿ ಬೆಳೆಯುವ ಗಿಡ. ಎಲೆಗಳು ಜಿಂಕೆಯ ಕೊಂಬಿನಂತೆ ಕವಲೊಡೆಯುತ್ತವೆ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಅಂಗೈಯಷ್ಟಿದ್ದ ಮರಿಯನ್ನು ತಂದಿದ್ದೆ. ಜೇವರ್ಗಿಯ ನಮ್ಮ ಮನೆಯಲ್ಲಿ ಬೇಸಿಗೆಗೆ ತೇವದ ಗಾಳಿ ಸಿಗುವುದು ಕೂಲರಿನ ಮುಂದೆ ಮಾತ್ರ. ಅಲ್ಲಿಯೇ ಗೋಡೆಗೆ ತೂಗುಹಾಕಿದ್ದೆ. ಈಗ ಅದರ ಎಲೆಗಳು ನನ್ನ ತೋಳಿಗಿಂತ ಉದ್ದ. ಆ ತುಂಬಿದ ಮನೆಯಲ್ಲಿ ನನ್ನದು ಎನ್ನಬಹುದಾದದ್ದು ಅದೊಂದೇ.

ಚಿಕ್ಕಪ್ಪನ ಹೆಂಡತಿಯನ್ನು ಕೇಳಿದೆ. "ಕಾಕು, ಇದಕ್ಕ ಏನರ ಹಾಕೀರೇನ್ರಿ?"

"ಮಟನ್ ತೊಳದ ನೀರು. ಐತವಾರ ಗುಲಾಬಿಗಿ ಹಾಕ್ತೇನಲ್ಲ, ಉಳದದ್ದು ಇದರ ಬೆನ್ನಾಗ ಸುರೀತೇನಿ."

"ಯಾಕ್ರಿ?"

"ನೀನೇ ಬಾಳೆಹಣ್ಣಿನ ಒಣ ಸಿಪ್ಪಿ ತುರುಕ್ತಿದ್ದೆಲ್ಲಬೇ? ಬರೀ ಸಿಪ್ಪಿ ತಿಂದ್ರ ನಿನ್ನಂಗ ಕಡ್ಡಿ ಆಗ್ತದ."

ಗುಲಾಬಿಯ ಬುಡದಲ್ಲಿ ಮಣ್ಣಿದೆ, ಎಲ್ಲವನ್ನೂ ಹೀರಿಕೊಳ್ಳುತ್ತದೆ. ಇಲ್ಲಿ ಆ ನೀರು ಹಲಗೆಗೂ ಎಲೆಗೂ ನಡುವೆ ನಿಂತಿತ್ತು. ನಾನು ಹಲಗೆಯನ್ನು ಹಿತ್ತಲಿಗೆ ಒಯ್ದು, ಬೇರನ್ನು ಮುಚ್ಚಿದ್ದ ಕಂದು ಎಲೆಗಳನ್ನು ಎತ್ತಿದೆ. ಕಪ್ಪು ಲೋಳೆ. ಅದರಲ್ಲಿ ನೆಣದ ಚೂರು, ಆಡಿನ ಕೂದಲು, ಒಂದರ ಮೇಲೊಂದು ಹೊರಳುವ ಹುಳಗಳು. ಬೆರಳು ಒತ್ತಿದಲ್ಲಿ ಗಿಡದ ಸುಳಿ ಬೆಂದ ಬದನೆಕಾಯಿಯಂತೆ ಕುಸಿಯಿತು. ಸುಳಿ ಕೊಳೆತರೆ ಗಿಡ ಮತ್ತೆ ಚಿಗುರುವುದಿಲ್ಲ.

ಕೆಳಗಿನ ಅಂಚಿನಲ್ಲಿ ಒಂದು ಮರಿಗಿಡ ಮಾತ್ರ ಗಟ್ಟಿಯಾಗಿತ್ತು. ಅದನ್ನು ಬೇರಿನ ಸಮೇತ ಕೊಯ್ದು ತೆಗೆದು, ಉಳಿದದ್ದನ್ನು ತಿಪ್ಪೆಗೆ ಎಸೆದೆ. ಎಷ್ಟು ತೊಳೆದರೂ ಕೈ ನಾರುತ್ತಿತ್ತು. ಆ ಕೈಯಿಂದ ರೊಟ್ಟಿ ಮುರಿಯಲಾಗಲಿಲ್ಲ.

"ಗಿಡ ಸತ್ರೂ ಸೂತಕ ಹಿಡೀತಾರೇನಬೇ?" ಎಂದು ಕಾಕು ನಕ್ಕರು. ನಗುತ್ತಲೇ ನನ್ನ ತಟ್ಟೆಗೆ ಪಲ್ಯ ಬಡಿಸಿದರು. ಮಟನ್ ತೊಳೆಯುವ ಆ ಕೈಯ ಉಗುರುಗಳನ್ನು ನೋಡಿ ತಟ್ಟೆ ಸರಿಸಿ ಎದ್ದೆ.

ಮರುದಿನ ಐತವಾರ. ಬೆಳಿಗ್ಗೆ ಮರಿಯನ್ನು ಹೊಸ ಹಲಗೆಗೆ ಹಳೆಯ ಸೀರೆಯ ಅಂಚಿನಿಂದ ಕಟ್ಟಿ, ಕೂಲರಿನ ಗಾಳಿ ಮುಟ್ಟುವ, ಕಾಕುವಿನ ಕೈ ಮುಟ್ಟದ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದೆ. ಆಮೇಲೆ ಅವರು ಮಟನ್ ತೊಳೆದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದು, ಆ ಕೆಂಪು ನೀರಿನ ಬೋಗುಣಿಯನ್ನು ಅವರ ಕೈಯಿಂದ ತೆಗೆದುಕೊಂಡೆ. ಉಸಿರು ಬಿಗಿಹಿಡಿದು ಅಂಗಳಕ್ಕೆ ಒಯ್ದು, ಒಂದು ಹನಿಯೂ ಉಳಿಯದಂತೆ ಗುಲಾಬಿಯ ಬುಡಕ್ಕೆ ಸುರಿದೆ.